ಕನ್ನಡಿಯಂಥ ನೀರು, ಕಪ್ಪಾದ ಬಾಟಲಿ

ಹಾಸ್ಟೆಲ್ ಮೇಜಿನ ಮೇಲೆ ಇಟ್ಟಿದ್ದ ಪುಟ್ಟ ಬಾಟಲಿಯ ನೀರು ಒಂದೂವರೆ ದಿನದಲ್ಲಿ ಇದ್ದಿಲಿನ ಬಣ್ಣಕ್ಕೆ ತಿರುಗಿತು. ಅದು ನಮ್ಮ ಕ್ಲಾಸಿನ ಗೆಳೆಯನೊಬ್ಬನ ಮನೆ ಬಾವಿಯ ನೀರು. ಕರಾವಳಿಯ ಹಳ್ಳಿ, ಸುತ್ತ ಅಡಿಕೆ ತೋಟ, ಮುರಕಲ್ಲು ಕಡಿದು ತೋಡಿದ ತೆರೆದ ಬಾವಿ. ಬಾಣಂತನಕ್ಕೆ ಬಂದ ಅವನ ಅಕ್ಕ ಇನ್ನೂ ತವರಲ್ಲೇ ಇದ್ದರು. ಎಂಟು ತಿಂಗಳ ಮಗುವಿಗೆ ಮಳೆ ಹಿಡಿದಾಗಿನಿಂದ ಮೂರನೇ ಸಲ ಭೇದಿ. ಡಾಕ್ಟರು ಔಷಧಿ ಬರೆದುಕೊಟ್ಟು, "ಮನೆಯಲ್ಲಿ ಯಾವ ನೀರು?" ಅಂತ ಕೇಳಿದ್ದರಂತೆ. ಆ ಪ್ರಶ್ನೆ ಹಿಡಿದುಕೊಂಡೇ ಗೆಳೆಯ ನಮ್ಮ ಹತ್ತಿರ ಬಂದದ್ದು.

ಬಾವಿ ನೋಡಲು ಹೋದಾಗ ಅವನ ಅಜ್ಜಿ ಒಂದು ಕೊಡಪಾನ ನೀರು ಸೇದಿ ನಮ್ಮ ಮುಂದೆ ಇಟ್ಟರು. "ಎಂತ ಆಗಿದೆ ಮಕ್ಕಳೇ ಈ ನೀರಿಗೆ? ಕನ್ನಡಿ ಹಾಗೆ ಉಂಟು. ನಾನು ಮದುವೆಯಾಗಿ ಬಂದಾಗಿನಿಂದ ಇದನ್ನೇ ಕುಡಿಯುವುದು."

ಅಜ್ಜಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಚೆನ್ನಾಗಿತ್ತು. ಆದರೂ ಬಾಟಲಿ ಕಪ್ಪಾಯಿತು. ಇವೆರಡೂ ಒಟ್ಟಿಗೆ ನಿಜವಾಗಿರಲು ಹೇಗೆ ಸಾಧ್ಯ, ಆಮೇಲೆ ನಾವು ಏನು ಮಾಡಿದ್ವಿ, ಎಲ್ಲಿ ಎಡವಿದ್ವಿ ಅನ್ನೋದೇ ಈ ಲೇಖನ. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇವತ್ತಿಗೂ ಬಾವಿ ನೀರೇ ಇರೋದರಿಂದ ಲೆಕ್ಕಗಳನ್ನೂ ಬಿಡದೆ ಬರೆದಿದ್ದೇವೆ.

ಹುಡುಕುವುದು ಯಾರನ್ನು?

ನೀರಿನಿಂದ ಬರುವ ರೋಗಗಳು ಹಲವು: ಕಾಲರಾ, ಟೈಫಾಯ್ಡ್, ಆಮಶಂಕೆ, ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ. ಒಂದೊಂದು ರೋಗಾಣುವನ್ನೂ ಬೇರೆ ಬೇರೆಯಾಗಿ ಹುಡುಕುವುದು ದುಬಾರಿ, ನಿಧಾನ. ಅವು ನೀರಿನಲ್ಲಿ ಇದ್ದರೂ ಬಹಳ ಕಡಿಮೆ ಸಂಖ್ಯೆಯಲ್ಲಿ ಇರುತ್ತವೆ. ಅದಕ್ಕೇ ರೋಗಾಣುವಿನ ಬದಲು ಅದು ಬರುವ ದಾರಿಯ ಗುರುತನ್ನು ಹುಡುಕುತ್ತಾರೆ. ಮನುಷ್ಯರ, ದನಕರುಗಳ ಕರುಳಿನಲ್ಲಿ ಕೋಟಿಗಟ್ಟಲೆ ಇರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ನೀರಿನಲ್ಲಿ ಸಿಕ್ಕಿದರೆ ಮಲದ ಅಂಶ ಸೇರಿರಬಹುದು ಅಂತ ಅರ್ಥ. ಇವತ್ತು ಸೇರಿದ ಮಲ ಆರೋಗ್ಯವಂತರದ್ದು ಇರಬಹುದು, ನಾಳೆ ಟೈಫಾಯ್ಡ್ ರೋಗಿಯದ್ದು ಇರಬಹುದು. ದಾರಿ ಅಂತೂ ತೆರೆದಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಟ್ಟು ಕೋಲಿಫಾರ್ಮ್ ಗುಂಪಿನ ಕೆಲವು ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಕೊಳೆತ ಎಲೆಯಲ್ಲೂ ಬದುಕುತ್ತವೆ. ತೆರೆದ ಬಾವಿಗೆ ಅವು ಸುಲಭವಾಗಿ ಸೇರುತ್ತವೆ. ಅದೇ ಗುಂಪಿನ ಇ. ಕೋಲೈ ಮಾತ್ರ ಹೆಚ್ಚುಕಡಿಮೆ ಕರುಳಿನಿಂದಲೇ ಬರುವಂಥದ್ದು. ಹಾಗಾಗಿ ಗಟ್ಟಿ ಸಾಕ್ಷಿ ಇ. ಕೋಲೈಯದ್ದು. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐಎಸ್ 10500:2012 ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ. ಕೋಲೈ ಪತ್ತೆಯೇ ಆಗಬಾರದು. ಫ್ಲೋರೈಡಿಗೆ, ಕ್ಲೋರೈಡಿಗೆ ಇರುವ ಹಾಗೆ 'ಇಷ್ಟರವರೆಗೆ ಪರವಾಗಿಲ್ಲ' ಅನ್ನುವ ಮಿತಿ ಇದಕ್ಕೆ ಇಲ್ಲ.

ಮಾದರಿ ತೆಗೆಯುವಾಗಲೇ ಅರ್ಧ ಪರೀಕ್ಷೆ

ಮೊದಲ ದಿನ ನಮ್ಮಲ್ಲೊಬ್ಬ ಮಿನರಲ್ ವಾಟರ್ ಬಾಟಲಿ ತೊಳೆದು ತಂದಿದ್ದ. ಲ್ಯಾಬಿನವರು ಅದನ್ನು ನೋಡಿ ಹಿಂದಕ್ಕೆ ಕಳಿಸಿದರು. ಅಂಥ ಬಾಟಲಿಯಲ್ಲಿ ತಂದ ನೀರಿನಲ್ಲಿ ಸಿಗುವ ಬ್ಯಾಕ್ಟೀರಿಯಾ ಬಾವಿಯದೋ ನಮ್ಮ ಕೈಯದೋ ಅಂತ ಹೇಳಲು ಆಗುವುದಿಲ್ಲ.

ಬೇಕಾದದ್ದು ಆಟೊಕ್ಲೇವ್ ಮಾಡಿದ ಬಾಟಲಿ. ತೆರೆದ ಬಾವಿಯಾದರೆ ಅದಕ್ಕೆ ಶುದ್ಧ ದಾರ, ತಳಕ್ಕೆ ಭಾರ ಕಟ್ಟಿ, ಗೋಡೆಗೆ ತಾಗದ ಹಾಗೆ ನೀರಿನ ಮೇಲ್ಮೈಯಿಂದ ಸ್ವಲ್ಪ ಕೆಳಕ್ಕೆ ಇಳಿಸಬೇಕು. ನಲ್ಲಿಯಾದರೆ ಬಾಯಿಯನ್ನು ಬೆಂಕಿಯಿಂದ ಸುಟ್ಟು, ಒಂದೆರಡು ನಿಮಿಷ ನೀರು ಹರಿಯಬಿಟ್ಟು ಹಿಡಿಯಬೇಕು. ಬಾಟಲಿಯನ್ನು ಕಂಠಮಟ್ಟ ತುಂಬಿಸಬಾರದು, ಅಲುಗಾಡಿಸಿ ಬೆರೆಸಲು ಜಾಗ ಬೇಕು. ಕ್ಲೋರಿನ್ ಹಾಕಿದ ನೀರಾದರೆ ಬಾಟಲಿಯಲ್ಲಿ ಮೊದಲೇ ಸೋಡಿಯಂ ಥಯೋಸಲ್ಫೇಟ್ ಇರಬೇಕು. ಇಲ್ಲದಿದ್ದರೆ ಲ್ಯಾಬಿಗೆ ಬರುವ ದಾರಿಯುದ್ದಕ್ಕೂ ಕ್ಲೋರಿನ್ ತನ್ನ ಕೆಲಸ ಮುಂದುವರಿಸಿ ಫಲಿತಾಂಶವನ್ನು ಸುಳ್ಳು ಮಾಡುತ್ತದೆ. ಐಸ್ ಪೆಟ್ಟಿಗೆಯಲ್ಲಿಟ್ಟು ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು.

ಕಪ್ಪಾದ ಬಾಟಲಿ ಹೇಳಿದ್ದೇನು, ಹೇಳದ್ದೇನು

ನಾವು ಮೊದಲು ಬಳಸಿದ್ದು ಎಚ್‌ಟುಎಸ್ ಬಾಟಲಿ. 1982ರಲ್ಲಿ ಮಾಂಜಾ, ಮೌರ್ಯ ಮತ್ತು ರಾವ್ ಎಂಬ ಭಾರತೀಯ ವಿಜ್ಞಾನಿಗಳು ಪ್ರಕಟಿಸಿದ ವಿಧಾನ ಇದು. ಕರೆಂಟು, ಲ್ಯಾಬು ಇಲ್ಲದ ಹಳ್ಳಿಗೆಂದೇ ಹೊಂದಿದ ಪರೀಕ್ಷೆ. ಬಾಟಲಿಯೊಳಗೆ ಪೆಪ್ಟೋನು, ಥಯೋಸಲ್ಫೇಟು, ಕಬ್ಬಿಣದ ಲವಣ ಹೀರಿಸಿ ಒಣಗಿಸಿದ ಕಾಗದದ ಚೂರು ಇರುತ್ತದೆ. ಗುರುತಿನ ಮಟ್ಟಕ್ಕೆ ನೀರು ತುಂಬಿ 30ರಿಂದ 37 ಡಿಗ್ರಿ ಶಾಖದಲ್ಲಿ ಇಡಬೇಕು. ಕರುಳಿನ ಹಲವು ಬ್ಯಾಕ್ಟೀರಿಯಾಗಳು ಥಯೋಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡಿಸುತ್ತವೆ. ಅದು ಕಬ್ಬಿಣದ ಜೊತೆ ಸೇರಿದರೆ ಕಪ್ಪು ಐರನ್ ಸಲ್ಫೈಡ್. ಒಂದೆರಡು ದಿನದಲ್ಲಿ ಉತ್ತರ ಸಿಗುತ್ತದೆ.

ತಮಾಷೆ ಏನೆಂದರೆ, ಇ. ಕೋಲೈ ಸಾಮಾನ್ಯವಾಗಿ ಹೈಡ್ರೋಜನ್ ಸಲ್ಫೈಡ್ ತಯಾರಿಸುವುದೇ ಇಲ್ಲ! ಅದರ ಜೊತೆ ಕರುಳಿನಿಂದ ಬರುವ ಸಿಟ್ರೋಬ್ಯಾಕ್ಟರ್, ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಂ ಮುಂತಾದವು ಈ ಕೆಲಸ ಮಾಡುತ್ತವೆ. ನೀರಿನಲ್ಲಿ ಮೊದಲೇ ಸಲ್ಫೈಡ್ ಇದ್ದರೆ ಮಲ ಸೇರದಿದ್ದರೂ ಬಾಟಲಿ ಕಪ್ಪಾಗಬಹುದು. ಅಂದರೆ ಇದು ಎಚ್ಚರಿಕೆ ಗಂಟೆ, ತೀರ್ಪಲ್ಲ. ಎಷ್ಟು ಬ್ಯಾಕ್ಟೀರಿಯಾ ಅನ್ನೋದನ್ನೂ ಹೇಳುವುದಿಲ್ಲ. ಅದಕ್ಕೆ ಸಿವಿಲ್ ವಿಭಾಗದ ಎನ್ವಿರಾನ್ಮೆಂಟಲ್ ಲ್ಯಾಬಿಗೆ ಹೋದ್ವಿ.

ಪಾಯ್ಸನ್ ಕೊನೆಗೂ ಉಪಯೋಗಕ್ಕೆ ಬಂದ

ಲ್ಯಾಬಿನಲ್ಲಿ ಮಾಡುವ ಎಂಪಿಎನ್ ಪರೀಕ್ಷೆ ಅಂದರೆ 'ಅತ್ಯಂತ ಸಂಭವನೀಯ ಸಂಖ್ಯೆ'. ಲ್ಯಾಕ್ಟೋಸ್ ಇರುವ ದ್ರಾವಣದ ಟೆಸ್ಟ್ ಟ್ಯೂಬುಗಳಿಗೆ ನೀರಿನ ಮಾದರಿ ಹಾಕುತ್ತಾರೆ. ಒಳಗೆ ತಲೆಕೆಳಗಾಗಿ ಒಂದು ಪುಟ್ಟ ಡರ್ಹಮ್ ಟ್ಯೂಬ್ ಇರುತ್ತದೆ. ಕೋಲಿಫಾರ್ಮ್ ಇದ್ದರೆ ಲ್ಯಾಕ್ಟೋಸ್ ಹುದುಗಿ ಅನಿಲ ಬಂದು ಆ ಟ್ಯೂಬಿನಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. 35–37 ಡಿಗ್ರಿಯಲ್ಲಿ 24ರಿಂದ 48 ಗಂಟೆ ಕಾಯಬೇಕು. ಗುಳ್ಳೆ ಬಂದ ಟ್ಯೂಬಿನಿಂದ ಬೇರೆ ದ್ರಾವಣಕ್ಕೆ ವರ್ಗಾಯಿಸಿ 44.5 ಡಿಗ್ರಿಯಲ್ಲಿಟ್ಟರೆ, ಆ ಶಾಖವನ್ನೂ ತಡೆದು ಅನಿಲ ಬಿಡುವ ಮಲಮೂಲದ ಕೋಲಿಫಾರ್ಮ್ ಯಾವುದು ಅಂತ ಗೊತ್ತಾಗುತ್ತದೆ.

ಬರೀ 'ಬಂತು, ಬರಲಿಲ್ಲ' ಅನ್ನೋದರಿಂದ ಸಂಖ್ಯೆ ಹೇಗೆ ಹುಟ್ಟುತ್ತದೆ? ಗಣಿತದ ಪೇಪರಿನಲ್ಲಿ ನಾವು ಹೇಗೋ ದಾಟಿಕೊಂಡು ಬಂದ ಪಾಯ್ಸನ್ ಹಂಚಿಕೆಯಿಂದ. ಬ್ಯಾಕ್ಟೀರಿಯಾ ನೀರಿನಲ್ಲಿ ಯಾದೃಚ್ಛಿಕವಾಗಿ ಹರಡಿದ್ದರೆ ಒಂದು ಟ್ಯೂಬಿಗೆ ಒಂದೂ ಬೀಳದಿರುವ ಸಂಭವ ಸಾಂದ್ರತೆ ಮತ್ತು ಗಾತ್ರದ ಗುಣಲಬ್ಧದ ಮೇಲೆ ನಿಂತಿದೆ. ಅದನ್ನು ತಿರುಗಿಸಿ ಬರೆದರೆ:

ಸಾಂದ್ರತೆ = (1 ÷ ಒಂದು ಟ್ಯೂಬಿನ ಮಾದರಿ ಗಾತ್ರ) × ಸ್ವಾಭಾವಿಕ ಲಾಗ್ (ಒಟ್ಟು ಟ್ಯೂಬು ÷ ನೆಗೆಟಿವ್ ಟ್ಯೂಬು)

10 ಮಿ.ಲೀ.ಯ 10 ಟ್ಯೂಬುಗಳಲ್ಲಿ 4 ಪಾಸಿಟಿವ್, 6 ನೆಗೆಟಿವ್ ಅಂದುಕೊಳ್ಳಿ. 10/6ರ ಸ್ವಾಭಾವಿಕ ಲಾಗ್ 0.51. ಅದನ್ನು 10ರಿಂದ ಭಾಗಿಸಿದರೆ ಮಿ.ಲೀ.ಗೆ 0.051, ಅಂದರೆ 100 ಮಿ.ಲೀ.ಗೆ 5.1. ಪುಸ್ತಕದ ಎಂಪಿಎನ್ ಕೋಷ್ಟಕದಲ್ಲೂ ಇದೇ ಸಂಖ್ಯೆ ಇದೆ. ನೋಡಿ ನಮಗೇ ಖುಷಿಯಾಯ್ತು.

ಆದರೆ ಬಾವಿಯ ನೀರಿಗೆ ಹತ್ತಕ್ಕೆ ಹತ್ತೂ ಟ್ಯೂಬು ಪಾಸಿಟಿವ್ ಬಂತು. ನೆಗೆಟಿವ್ ಸೊನ್ನೆ, ಸೂತ್ರ ಕೈಕೊಟ್ಟಿತು. ಇಂಥಲ್ಲಿ '100 ಮಿ.ಲೀ.ಗೆ 23ಕ್ಕಿಂತ ಹೆಚ್ಚು' ಅಂತ ಬರೆಯಬಹುದು ಅಷ್ಟೇ. ಅದಕ್ಕಾಗಿಯೇ 10, 1 ಮತ್ತು 0.1 ಮಿ.ಲೀ. ಹೀಗೆ ಮೂರು ಗಾತ್ರದಲ್ಲಿ ಐದೈದು ಟ್ಯೂಬು ಇಡುವ ಪದ್ಧತಿ. ಹಾಗೆ ಮತ್ತೆ ಮಾಡಿದಾಗ 100 ಮಿ.ಲೀ.ಗೆ 50ರ ಆಸುಪಾಸು ಬಂತು. 44.5 ಡಿಗ್ರಿಯಲ್ಲೂ ಗುಳ್ಳೆ ಬಂತು. ಬಾಟಲಿ ಸುಳ್ಳು ಹೇಳಿರಲಿಲ್ಲ.

ಇನ್ನೊಂದು ವಿಧಾನ ಮೆಂಬ್ರೇನ್ ಫಿಲ್ಟರ್. 0.45 ಮೈಕ್ರಾನ್ ರಂಧ್ರದ ಹಾಳೆಯಲ್ಲಿ 100 ಮಿ.ಲೀ. ನೀರು ಸೋಸಿ, ಹಾಳೆಯನ್ನು ಪೋಷಕ ಮಾಧ್ಯಮದ ಮೇಲಿಟ್ಟು, ಮಾರನೇ ದಿನ ಎದ್ದ ಕಾಲನಿಗಳನ್ನು ಎಣಿಸುವುದು. ಅಲ್ಲಿ ಅಂದಾಜಿನ ಬದಲು ನೇರ ಎಣಿಕೆ. ನೀರು ಕದಡಿದ್ದರೆ ಮಾತ್ರ ಹಾಳೆ ಕಟ್ಟಿಕೊಳ್ಳುತ್ತದೆ.

ಬ್ಲೀಚಿಂಗ್ ಪೌಡರ್ ಎಷ್ಟು?

ಬಾವಿಯ ವ್ಯಾಸ 3 ಮೀಟರ್, ನೀರಿನ ಆಳ 4 ಮೀಟರ್. ಗಾತ್ರ 0.785 × 3 × 3 × 4 = 28.26 ಘನ ಮೀಟರ್, ಅಂದರೆ ಸುಮಾರು 28,260 ಲೀಟರ್. ಸಾರ್ವಜನಿಕ ಆರೋಗ್ಯದ ಪುಸ್ತಕಗಳಲ್ಲಿ ಬರುವ ಸಾಮಾನ್ಯ ಲೆಕ್ಕ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. ಹಾಗಾಗಿ ಸುಮಾರು 70 ಗ್ರಾಂ ಹಾಕಿದ್ವಿ. ಒಂದು ಗಂಟೆ ಬಿಟ್ಟು ಡಿಪಿಡಿ ಮಾತ್ರೆ ಹಾಕಿ ನೋಡಿದರೆ ನೀರು ಗುಲಾಬಿ ಆಗಲೇ ಇಲ್ಲ. ಅಂದರೆ ಉಳಿಕೆ ಕ್ಲೋರಿನ್ ಸೊನ್ನೆ.

ಕಾರಣ 'ಕ್ಲೋರಿನ್ ಬೇಡಿಕೆ'. ಹಾಕಿದ ಕ್ಲೋರಿನ್ ನೇರವಾಗಿ ಬ್ಯಾಕ್ಟೀರಿಯಾ ಹುಡುಕಿಕೊಂಡು ಹೋಗುವುದಿಲ್ಲ. ಕೊಳೆತ ಎಲೆಯ ಅಂಶ, ಕಬ್ಬಿಣ, ಅಮೋನಿಯ ಎಲ್ಲವೂ ಮೊದಲು ಅದನ್ನು ತಿನ್ನುತ್ತವೆ. ಇವೆಲ್ಲದರ ಹೊಟ್ಟೆ ತುಂಬಿ ಉಳಿದದ್ದೇ ಉಳಿಕೆ ಕ್ಲೋರಿನ್. ಮಾನಕದ ಪ್ರಕಾರ ಅದು ಕನಿಷ್ಠ 0.2 ಮಿ.ಗ್ರಾಂ./ಲೀ., ವೈರಸ್ಸಿನಿಂದಲೂ ರಕ್ಷಣೆ ಬೇಕಾದಾಗ 0.5 ಇರಬೇಕು. ಪೌಡರಿನ ಬಲವೂ ಒಂದೇ ಸಮ ಇರುವುದಿಲ್ಲ. ಹೊಸದರಲ್ಲಿ ಸುಮಾರು ಶೇ. 33 ಕ್ಲೋರಿನ್ ಇದ್ದರೆ, ಕರಾವಳಿಯ ತೇವದಲ್ಲಿ ಬಾಯಿ ತೆರೆದಿಟ್ಟ ಚೀಲದಲ್ಲಿ ಅದು ದಿನೇ ದಿನೇ ಇಳಿಯುತ್ತದೆ.

ಬೇಡಿಕೆ ಅಳೆಯಲು ಹಾರಕ್ಸ್ ಪರೀಕ್ಷೆ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರ ನೀರಿಗಾಗಿ ಬ್ರಿಟಿಷ್ ಸೇನೆಯ ವೈದ್ಯ ವಿಲಿಯಂ ಹಾರಕ್ಸ್ ರೂಪಿಸಿದ್ದು. ಒಂದು ಕಪ್ಪು ಬಟ್ಟಲು, ಆರು ಬಿಳಿ ಬಟ್ಟಲು. ಕಪ್ಪು ಬಟ್ಟಲಲ್ಲಿ 2 ಗ್ರಾಂ ಪೌಡರಿನ ದ್ರಾವಣ ಮಾಡಿ, ಬಾವಿ ನೀರು ತುಂಬಿದ ಬಿಳಿ ಬಟ್ಟಲುಗಳಿಗೆ ಕ್ರಮವಾಗಿ 1, 2, 3 ಹೀಗೆ 6 ಹನಿ ಹಾಕಿ ಕಲಕಬೇಕು. ಅರ್ಧ ಗಂಟೆ ಬಿಟ್ಟು ಪಿಷ್ಟ–ಅಯೋಡೈಡ್ ಸೂಚಕ ಹಾಕಿದರೆ ಕ್ಲೋರಿನ್ ಉಳಿದಿರುವ ಬಟ್ಟಲು ನೀಲಿಯಾಗುತ್ತದೆ. ನೀಲಿಯಾದ ಮೊದಲ ಬಟ್ಟಲು ಎಷ್ಟನೆಯದೋ ಅಷ್ಟು ಸಲ 2 ಗ್ರಾಂ ಪೌಡರ್ ಪ್ರತಿ 455 ಲೀಟರಿಗೆ ಬೇಕು.

ನಮಗೆ ಎರಡನೇ ಬಟ್ಟಲು ನೀಲಿಯಾಯ್ತು. 455 ಲೀಟರಿಗೆ 4 ಗ್ರಾಂ; 28,260 ಲೀಟರಿಗೆ ಸುಮಾರು 250 ಗ್ರಾಂ. ಸಾಮಾನ್ಯ ಲೆಕ್ಕಕ್ಕಿಂತ ಮೂರೂವರೆ ಪಟ್ಟು! ಪುಸ್ತಕ ತಪ್ಪಿರಲಿಲ್ಲ. ಅದು ಹೇಳಿದ್ದು ಸಾಧಾರಣ ಬಾವಿಯ ಲೆಕ್ಕ, ನಮ್ಮ ಮುಂದೆ ಇದ್ದದ್ದು ಆಟಿ ತಿಂಗಳ ಬಾವಿ.

ಹಾಕುವ ಕ್ರಮವೂ ಮುಖ್ಯ. ಒಂದು ಬಕೆಟಿಗೆ 100 ಗ್ರಾಂ ಮೀರದ ಹಾಗೆ ಪೌಡರನ್ನು ಮೊದಲು ಸ್ವಲ್ಪ ನೀರಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಕಲಕಿ, 5–10 ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟಿಗೆ ಬಗ್ಗಿಸಿ, ಅದನ್ನು ಬಾವಿಯ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಜಗ್ಗಿ ಬೆರೆಸಬೇಕು. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಕಡ್ಡಾಯ. ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ಕ್ಲೀನರ್ ಅಥವಾ ಯಾವುದೇ ಆಮ್ಲ ತಾಗಬಾರದು, ವಿಷಾನಿಲ ಬರುತ್ತದೆ. ಬಾವಿಯೊಳಗೆ ಇಳಿಯುವ ಸಾಹಸವಂತೂ ಬೇಡವೇ ಬೇಡ.

ಪಿಎಚ್ ಮಟ್ಟಿಗೆ ನಮ್ಮ ಅದೃಷ್ಟ ಚೆನ್ನಾಗಿತ್ತು. ನೀರಿನಲ್ಲಿ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ: ಚುರುಕಾದ ಹೈಪೋಕ್ಲೋರಸ್ ಆಮ್ಲ, ಮಂದವಾದ ಹೈಪೋಕ್ಲೋರೈಟ್ ಅಯಾನು. ಪಿಎಚ್ 7.5ರ ಹತ್ತಿರ ಎರಡೂ ಅರ್ಧರ್ಧ. ಪಿಎಚ್ 8.5 ಆದರೆ ಚುರುಕಿನ ಪಾಲು ಶೇ. 10ರ ಆಸುಪಾಸಿಗೆ ಕುಸಿಯುತ್ತದೆ. ಮುರಕಲ್ಲಿನ ಬಾವಿಯ ನೀರು ಸಾಮಾನ್ಯವಾಗಿ ತುಸು ಆಮ್ಲೀಯ. ಇಲ್ಲಿ ಪಿಎಚ್ 6.2 ಇತ್ತು, ಹಾಗಾಗಿ ಶೇ. 95ರಷ್ಟು ಚುರುಕು ರೂಪವೇ.

ಒಂದು ಗಂಟೆ ಬಿಟ್ಟು ನೋಡಿದಾಗ ಡಿಪಿಡಿ ಗುಲಾಬಿ ಬಂತು. ಎರಡು ದಿನದ ಮೇಲೆ ತೆಗೆದ ಮಾದರಿಯಲ್ಲಿ ಕೋಲಿಫಾರ್ಮ್ ಇಲ್ಲ. ಕೆಲಸ ಮುಗಿಯಿತು ಅಂತ ಅಜ್ಜಿ ಕೊಟ್ಟ ಪತ್ರೊಡೆ ತಿಂದು ವಾಪಸ್ ಬಂದ್ವಿ.

ಹತ್ತು ದಿನಕ್ಕೆ ಮತ್ತೆ ಕಪ್ಪು

ಹತ್ತನೇ ದಿನ ಗೆಳೆಯ ಊರಿಂದ ತಂದ ನೀರು ಮತ್ತೆ ಕಪ್ಪಾಯಿತು. ಆ ಬಾಟಲಿಯೇ ನಮಗೆ ನಿಜವಾದ ಪಾಠ ಹೇಳಿದ್ದು.

ನಾವು ಬಾವಿಯನ್ನು ಟ್ಯಾಂಕ್ ಅಂದುಕೊಂಡಿದ್ವಿ. ಗಾತ್ರ ಲೆಕ್ಕ ಹಾಕಿ, ಔಷಧಿ ಹಾಕಿ, 'ಸ್ವಚ್ಛ' ಅಂತ ಬರೆದಿದ್ವಿ. ಬಾವಿ ಟ್ಯಾಂಕ್ ಅಲ್ಲ. ದಿನವೂ ನೀರು ಸೇದುತ್ತಾರೆ, ಒರತೆಯಿಂದ ಹೊಸ ನೀರು ಬರುತ್ತದೆ. ನಾವು ಶುದ್ಧ ಮಾಡಿದ ನೀರು ಕೆಲವೇ ದಿನದಲ್ಲಿ ಅಲ್ಲಿ ಇರಲೇ ಇಲ್ಲ. ಕ್ಲೋರಿನ್ ಆಗಲೇ ಇದ್ದದ್ದನ್ನು ಕೊಲ್ಲುತ್ತದೆ, ನಾಳೆ ಬರುವುದನ್ನು ತಡೆಯುವುದಿಲ್ಲ. ಹಾಗಾದರೆ ಕೇಳಬೇಕಾದ ಪ್ರಶ್ನೆ 'ಎಷ್ಟು ಪೌಡರ್' ಅಲ್ಲ, 'ಯಾವ ದಾರಿ'.

ನಮ್ಮ ಮೊದಲ ಅನುಮಾನ ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿ. ಬಾವಿಗಿಂತ ಎತ್ತರದಲ್ಲಿ, ಸುಮಾರು 20 ಮೀಟರ್ ದೂರದಲ್ಲಿತ್ತು. ಬಾವಿಗೂ ಇಂಥ ಮೂಲಗಳಿಗೂ ಕನಿಷ್ಠ 15 ಮೀಟರ್ ಅಂತರ ಇರಲಿ ಅನ್ನುವುದು ಪುಸ್ತಕದ ಮಾತು. ಆದರೆ ಮುರಕಲ್ಲಿನಲ್ಲಿ ಬಿಲ, ಕೊಳವೆಯಂಥ ಟೊಳ್ಳುಗಳು ಇರುತ್ತವೆ. ಮರಳಿನಲ್ಲಿ ಸೋಸಿ ಬರುವ ಹಾಗೆ ಅಲ್ಲಿ ನೀರು ಸೋಸುವುದಿಲ್ಲ, ಓಡುತ್ತದೆ. ಅದಕ್ಕೇ ಅಳೆದು ನೋಡೋಣ ಅಂತ ತೀರ್ಮಾನಿಸಿದ್ವಿ.

ಆಯ್ದುಕೊಂಡ ಸಾಧನ ಅಡುಗೆ ಉಪ್ಪು ಮತ್ತು ವಿದ್ಯುತ್ ವಾಹಕತೆ ಅಳೆಯುವ ಕೈ ಮೀಟರ್. ಈ ಭಾಗದ ಬಾವಿ ನೀರಿನಲ್ಲಿ ಲವಣ ಬಹಳ ಕಡಿಮೆ. ಮೀಟರ್ ತೋರಿಸಿದ್ದು ಸೆಂಟಿಮೀಟರಿಗೆ 72 ಮೈಕ್ರೋಸೀಮೆನ್ಸ್. ಒಂದು ಲೀಟರಿನಲ್ಲಿ 1 ಮಿ.ಗ್ರಾಂ. ಉಪ್ಪು ಹೆಚ್ಚಾದರೆ ಓದು ಸುಮಾರು 2 ಏರುತ್ತದೆ. ಮೊದಲು ಅಪಾಯದ ಲೆಕ್ಕ ಹಾಕಿದ್ವಿ. 5 ಕೆ.ಜಿ. ಉಪ್ಪು ಪೂರ್ತಿ ಬಾವಿಗೇ ಸೇರಿದರೂ ಲೀಟರಿಗೆ 177 ಮಿ.ಗ್ರಾಂ., ಅದರಲ್ಲಿ ಕ್ಲೋರೈಡ್ ಸುಮಾರು 107. ಮಾನಕದ 250ರೊಳಗೇ ಇದೆ. ಹತ್ತನೇ ಒಂದು ಪಾಲು ಬಂದರೂ ಓದು 35ರಷ್ಟು ಏರಬೇಕು. ಅಂದರೆ ಕುಡಿಯುವವರಿಗೆ ಗೊತ್ತೇ ಆಗದ ಪ್ರಮಾಣವೂ ಮೀಟರಿಗೆ ಗೊತ್ತಾಗುತ್ತದೆ.

ಮಳೆ ಬಿಡುವು ಕೊಟ್ಟ ಒಂದು ಶನಿವಾರ ಗೊಬ್ಬರದ ಗುಂಡಿಯ ಪಕ್ಕ ಉಪ್ಪುನೀರು ಸುರಿದ್ವಿ. ಸಂಜೆಯವರೆಗೂ, ಮಾರನೇ ಬೆಳಿಗ್ಗೆಯೂ 72, 73 ಅಷ್ಟೇ. ಮುಂದಿನ ಶನಿವಾರ ಬಾವಿಯಿಂದ ಎರಡು ಮೀಟರ್ ದೂರದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುರಿದು, ಹಿಂದೆಯೇ ಒಂದಷ್ಟು ಕೊಡ ಬರೀ ನೀರು ಹೊಯ್ದ್ವಿ. ಎರಡು ಗಂಟೆಯಲ್ಲಿ ಮೀಟರ್ 80 ತೋರಿಸಿತು. ನಾಲ್ಕು ಗಂಟೆಗೆ 96. ನೀರು ಚೆನ್ನಾಗಿ ಬೆರೆತಿದೆ ಅಂತ ಹಿಡಿದರೆ 24ರ ಏರಿಕೆ ಅಂದರೆ ಲೀಟರಿಗೆ 12 ಮಿ.ಗ್ರಾಂ., ಇಡೀ ಬಾವಿಗೆ ಸುಮಾರು 340 ಗ್ರಾಂ ಉಪ್ಪು. ಕಲ್ಲಿನ ಮೇಲೆ ಸುರಿದದ್ದರಲ್ಲಿ ಶೇ. 7ರಷ್ಟು ನಾಲ್ಕೇ ಗಂಟೆಯಲ್ಲಿ ಬಾವಿಯೊಳಗೆ!

ಬಾವಿಯ ಸುತ್ತಲಿನ ಸಿಮೆಂಟು ಹಾಸಿನ ಮೇಲಿದ್ದ ಪಾಚಿ ಕೆರೆದು ನೋಡಿದ್ವಿ. ಪಕ್ಕದ ಹಲಸಿನ ಮರದ ಬೇರು ಹಾಸನ್ನು ಎತ್ತಿ, ಬೆರಳು ತೂರುವಷ್ಟು ಬಿರುಕು ಮಾಡಿತ್ತು. ಒಗೆದ ನೀರು ಅದರೊಳಗೇ ಇಳಿಯುತ್ತಿತ್ತು.

ಆಗ ಗೆಳೆಯನ ಅಕ್ಕ ಮೆಲ್ಲಗೆ ಹೇಳಿದರು: "ಮಗುವಿನ ಬಟ್ಟೆ ಎಲ್ಲ ನಾನು ಇಲ್ಲೇ ಒಗೆಯುವುದು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಗುವಿಗೆ ಕುಡಿಯಲು ಅವರು ಕುದಿಸಿದ ನೀರೇ ಕೊಡುತ್ತಿದ್ದರು. ಆದರೆ ರಾಗಿ ಮಣ್ಣಿಯ ಬಟ್ಟಲು, ಚಮಚ ತೊಳೆಯುತ್ತಿದ್ದದ್ದು ಬಾವಿಯ ಹಸಿ ನೀರಿನಲ್ಲಿ. ಮಗುವಿನ ಭೇದಿ ಒಗೆಯುವ ಕಲ್ಲಿನಿಂದ ಬಾವಿಗೆ, ಬಾವಿಯಿಂದ ಚಮಚಕ್ಕೆ, ಚಮಚದಿಂದ ಮತ್ತೆ ಮಗುವಿಗೆ ಹೋಗುವಂಥ ವೃತ್ತ ಅಲ್ಲಿತ್ತು. ಭೇದಿಗೆ ಇದೊಂದೇ ಕಾರಣ ಅಂತ ನಮ್ಮ ಉಪ್ಪಿನ ಪರೀಕ್ಷೆ ಸಾಬೀತು ಮಾಡುವುದಿಲ್ಲ. ಆದರೆ ಇಂಥ ದಾರಿಯೊಂದು ತೆರೆದಿದೆ ಅಂತ ಗೊತ್ತಾದ ಮೇಲೆ ಮುಚ್ಚದೆ ಬಿಡುವ ಹಾಗಿರಲಿಲ್ಲ.

1854ರ ಅದೇ ಕತೆ

ವಾಪಸ್ ಬಂದು ಓದುವಾಗ ಗೊತ್ತಾಯಿತು, ಇದು ಹೊಸ ಕತೆಯಲ್ಲ. 1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ತರು. ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ಗುರುತಿಸುತ್ತಾ ಹೋಗಿ ಬ್ರಾಡ್ ಸ್ಟ್ರೀಟಿನ ಬಾವಿ ಪಂಪಿನ ಕಡೆ ಬೆರಳು ತೋರಿಸಿದ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ಕಳಚಿದರು. ಇಷ್ಟು ಕತೆ ನಮಗೆಲ್ಲ ಗೊತ್ತು. ಅದರ ಮುಂದಿನ ಭಾಗ ಅಷ್ಟು ಜನಕ್ಕೆ ಗೊತ್ತಿಲ್ಲ. ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ ಮನೆಮನೆ ವಿಚಾರಿಸಿದಾಗ, ಪಂಪಿನ ಎದುರಿನ ಮನೆಯ ಹಸುಗೂಸಿಗೆ ಎಲ್ಲರಿಗಿಂತ ಮೊದಲೇ ಭೇದಿಯಾಗಿತ್ತು, ತಾಯಿ ಅದರ ಬಟ್ಟೆ ಜಾಲಿಸಿದ ನೀರನ್ನು ಮನೆ ಮುಂದಿನ ಮಲಗುಂಡಿಗೆ ಸುರಿಯುತ್ತಿದ್ದಳು ಅಂತ ತಿಳಿಯಿತು. 1855ರಲ್ಲಿ ಅಗೆದು ನೋಡಿದರೆ ಆ ಗುಂಡಿಗೂ ಬಾವಿಗೂ ನಡುವೆ ಮೂರಡಿಯೂ ಇರಲಿಲ್ಲ. ಇಟ್ಟಿಗೆ ಗೋಡೆ ಶಿಥಿಲವಾಗಿ ನೀರು ಬಾವಿಗೆ ಜಿನುಗುತ್ತಿತ್ತು.

ಸ್ನೋ ಹೇಳಿದ್ದು ಯಾವ ಬಾವಿ ಅಂತ. ವೈಟ್‌ಹೆಡ್ ಹುಡುಕಿದ್ದು ಯಾವ ದಾರಿ ಅಂತ. ಎರಡೂ ಬೇಕು.

ದಾರಿ ಮುಚ್ಚಿದ್ದು ಹೀಗೆ

ಒಗೆಯುವ ಕಲ್ಲನ್ನು ಬಾವಿಯ ಕೆಳಬದಿಗೆ, ತೋಟದ ಅಂಚಿಗೆ ಸಾಗಿಸಿದರು. ಒಡೆದ ಹಾಸು ಕಿತ್ತು, ಬೇರು ಕಡಿದು, ಬಾವಿಯ ಸುತ್ತ ಒಂದು ಮೀಟರ್ ಅಗಲದ ಹೊಸ ಕಾಂಕ್ರೀಟ್ ಹಾಸನ್ನು ಹೊರಗಡೆಗೆ ಇಳಿಜಾರು ಕೊಟ್ಟು ಹಾಕಿದರು. ಅಂಚಿನಲ್ಲಿ ಚರಂಡಿ ಮಾಡಿದರು. ಬಾವಿಯ ದಂಡೆ ಮುಕ್ಕಾಲು ಮೀಟರ್ ಇತ್ತು, ಅದು ಸರಿ. ಎಲೆ, ಹಕ್ಕಿ ಹಿಕ್ಕೆ ಬೀಳದ ಹಾಗೆ ಮೇಲೆ ಬಲೆ ಹಾಕಿದರು. ಹಗ್ಗ, ಕೊಡಪಾನ ನೆಲಕ್ಕೆ ತಾಗದಂತೆ ನೇತುಹಾಕಲು ಕೊಕ್ಕೆ ಹೊಡೆದರು.

ಆಮೇಲೆ ಶಾಕ್ ಕ್ಲೋರಿನೇಶನ್. ಒಂದೇ ಸಲ ಲೀಟರಿಗೆ 50 ಮಿ.ಗ್ರಾಂ. ಕ್ಲೋರಿನ್ ಅಂದರೆ 1,413 ಗ್ರಾಂ. ಪೌಡರಿನ ಬಲ ಶೇ. 25 ಅಂತ ಹಿಡಿದರೆ ಸುಮಾರು 5.65 ಕೆ.ಜಿ. 12 ಗಂಟೆ ಬಾವಿ ಮುಟ್ಟಲಿಲ್ಲ. ಆಮೇಲೆ ಘಾಟು ಹೋಗುವವರೆಗೂ, ತೋಟಕ್ಕೂ ತೋಡಿಗೂ ಹೋಗದ ಕಡೆಗೆ ನೀರನ್ನು ಪಂಪ್ ಮಾಡಿ ಚೆಲ್ಲಿ, ಉಳಿಕೆ ಕ್ಲೋರಿನ್ ಅಳೆದ ಮೇಲೆಯೇ ಬಳಕೆ. ಮಳೆಗಾಲ ಮುಗಿಯುವವರೆಗೆ ಜೋಡಿ ಮಡಕೆಯನ್ನೂ ಇಳಿಬಿಟ್ಟಿದ್ದರು. ಒಳಗಿನ ಮಡಕೆಯಲ್ಲಿ 1 ಕೆ.ಜಿ. ಬ್ಲೀಚಿಂಗ್ ಪೌಡರಿಗೆ 2 ಕೆ.ಜಿ. ದಪ್ಪ ಮರಳು ಬೆರೆಸಿ, ಎರಡೂ ಮಡಕೆಗೆ ಪುಟ್ಟ ತೂತು ಕೊರೆದು, ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಕೆಳಗೆ ತೂಗುಬಿಡುವುದು. ಸುಮಾರು 4,500 ಲೀಟರಿನ ಸಣ್ಣ ಮನೆ ಬಾವಿಗೆ ಅದು ಎರಡು ಮೂರು ವಾರ ಸಾಕು ಅನ್ನುವುದು ಪುಸ್ತಕದ ಲೆಕ್ಕ. ಈ ಬಾವಿ ಅದಕ್ಕಿಂತ ದೊಡ್ಡದಾದ್ದರಿಂದ ಮಡಕೆಯನ್ನು ನಂಬಿ ಕೂರದೆ ವಾರಕ್ಕೆರಡು ಸಲ ಡಿಪಿಡಿ ನೋಡಿದರು.

ಕ್ಲೋರಿನ್ ಎಲ್ಲಕ್ಕೂ ಮದ್ದಲ್ಲ ಅನ್ನೋದೂ ನೆನಪಿರಲಿ. ಎಷ್ಟು ಕೊಲ್ಲುತ್ತದೆ ಅನ್ನೋದನ್ನು ಸಾಂದ್ರತೆ × ಸಮಯದ ಗುಣಲಬ್ಧದಿಂದ ಅಳೆಯುತ್ತಾರೆ. 0.5 ಮಿ.ಗ್ರಾಂ. ಮತ್ತು 30 ನಿಮಿಷ ಅಂದರೆ 15. ಇ. ಕೋಲೈಗೆ ಇದು ಧಾರಾಳ. ಆದರೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿಗೆ ಸಾವಿರಗಟ್ಟಲೆ ಬೇಕು. ಅದಕ್ಕೆ ಕುದಿಸುವುದೇ ಸರಿ: ನೀರು ಕೊತಕೊತ ಕುದಿಯಲಿ, ಮುಚ್ಚಿ ಆರಲಿ, ಅದೇ ಪಾತ್ರೆಯಲ್ಲಿ ಉಳಿಯಲಿ. ಯುವಿ ಫಿಲ್ಟರ್ ಕೆಲಸ ಮಾಡುತ್ತದೆ, ಆದರೆ ನೀರು ತಿಳಿಯಾಗಿರಬೇಕು. ಫಿಲ್ಟರ್ ದಾಟಿದ ಮೇಲೆ ಅದರ ರಕ್ಷಣೆಯೂ ಮುಗಿಯಿತು.

ಹಾಸು ಒಣಗಿದ ಮೇಲೆ ಮತ್ತೆ ಉಪ್ಪು ಸುರಿದು ನೋಡಿದ್ವಿ, ಮೀಟರ್ ಅಲುಗಲಿಲ್ಲ. ಕ್ಲೋರಿನ್ ಪೂರ್ತಿ ಇಳಿದ ಮೇಲೆ, ಒಂದು ದೊಡ್ಡ ಮಳೆಯ ಮಾರನೇ ದಿನವೇ ಬೇಕಂತಲೇ ಮಾದರಿ ತೆಗೆದ್ವಿ. ಬಾವಿಗೆ ಪರೀಕ್ಷೆ ಇಡುವುದಾದರೆ ಅದರ ಕಷ್ಟದ ದಿನವೇ ಇಡಬೇಕು, ಜನವರಿಯ ತಿಳಿನೀರು ಪಾಸಾಗುವುದು ದೊಡ್ಡ ವಿಷಯವಲ್ಲ. ಆ ಬಾಟಲಿ ಎರಡು ದಿನ ಕಳೆದರೂ ಕಪ್ಪಾಗಲಿಲ್ಲ. ಲ್ಯಾಬಿನಲ್ಲೂ ಇ. ಕೋಲೈ ಸಿಗಲಿಲ್ಲ. ಒಟ್ಟು ಕೋಲಿಫಾರ್ಮ್ ಮಾತ್ರ ಒಂದೆರಡು ಟ್ಯೂಬಿನಲ್ಲಿ ಬಂತು, ಅಂದರೆ ಮಾನಕಕ್ಕೆ ಇನ್ನೂ ತಲುಪಿಲ್ಲ. ಹಾಗಾಗಿ ಮಳೆಗಾಲದಲ್ಲಿ ಕ್ಲೋರಿನ್ ಮತ್ತು ಕುದಿಸುವುದು ಎರಡೂ ಮುಂದುವರಿಯಬೇಕು ಅಂತ ಮನೆಯವರಿಗೆ ಹೇಳಿ ಬಂದ್ವಿ.

ಈ ಸಲ ಅಜ್ಜಿ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಮೊದಲೂ ಹೀಗೇ ಇತ್ತಲ್ಲ, ಕಣ್ಣಿಗೆ ಎಂತ ವ್ಯತ್ಯಾಸ ಇಲ್ಲ" ಅಂದರು. ನಿಜ, ಇಲ್ಲ. ರಜೆಗೆ ಊರಿಗೆ ಹೋದಾಗ ನೀವೂ ಒಂದು ಸಲ ನಿಮ್ಮ ಮನೆ ಬಾವಿಯ ಸುತ್ತ ನಡೆದು ಬನ್ನಿ. ನೀರು ನೋಡುವ ಮೊದಲು ಹಾಸಿನ ಬಿರುಕು ನೋಡಿ, ಒಗೆಯುವ ಕಲ್ಲು ಎಲ್ಲಿದೆ ನೋಡಿ, ಮಳೆನೀರು ಯಾವ ಕಡೆಗೆ ಹರಿಯುತ್ತದೆ ನೋಡಿ. ಆಮೇಲೆ ಬಾಟಲಿ ತುಂಬಿಸಿ.